ಎಡಕ್ಕೆ ಸಬ್ಬಸಿಗೆ, ಬಲಕ್ಕೆ ಸೋಂಪು

ಫೆಬ್ರವರಿ ೬, ಸೋಮವಾರ

ಈ ದಿನಚರಿ ಪುಸ್ತಕ ಔಷಧಿ ಮಾರುವವರು ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಹಾಳೆಯ ತುದಿಯಲ್ಲೂ ಕೆಮ್ಮಿನ ಔಷಧಿಯ ಶೀಶೆಯ ಚಿತ್ರ. ದೇವರಿಗೂ ತಮಾಷೆಯ ಬುದ್ಧಿ ಇದೆ ಎಂದಾಯಿತು.

ಅಕ್ಕನ ಮನೆಯ ಉಗ್ರಾಣದಲ್ಲಿ ಕೂತು ಬರೆಯುತ್ತಿದ್ದೇನೆ. ತಲೆಯ ಹತ್ತಿರ ಹಿಟ್ಟಿನ ಡಬ್ಬ, ಕಾಲಿನ ಹತ್ತಿರ ಭಾವನ ಚಕ್ರವಿಲ್ಲದ ಸೈಕಲ್ಲು, ನಡುವೆ ಮಡಚುವ ಮಂಚದ ಮೇಲೆ ನಾನು. ದವಾಖಾನೆಯ ವಸತಿಯ ಬೀಗದ ಕೈಯನ್ನು ಬೆಳಿಗ್ಗೆ ಒಪ್ಪಿಸಿದೆ. ವಿಚಾರಣೆ ಮುಗಿಯುವವರೆಗೆ ದವಾಖಾನೆಯ ಗೇಟಿನೊಳಗೆ ಕಾಲಿಡಕೂಡದು, ಊರು ಬಿಡಕೂಡದು. ಹಾಗೆಂದು ಕಾಗದ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನಿಗೆ ಸಿಕ್ಕ ಮೊದಲ ರಜೆ.

ಆದದ್ದನ್ನು ಒಮ್ಮೆ ನೆಟ್ಟಗೆ ಬರೆದುಬಿಡುತ್ತೇನೆ, ಆಮೇಲೆ ಈ ಪೀಡೆ ತಲೆಯಿಂದ ಹೋಗಲಿ. ಕಳೆದ ಬುಧವಾರ ಅಂಚೆಯಜ್ಜ ಬಂದ. ಅಂಚೆ ಹಂಚಿ ನಿವೃತ್ತನಾದ ಮುದುಕ, ಅರ್ಧ ಊರಿಗೆ ಅವನು ಅಜ್ಜನೇ. ಕೆಮ್ಮಿಗೆ ಒಂದು ಶೀಶೆ, ಮೊಣಕಾಲು ನೋವಿಗೆ ಒಂದು ಶೀಶೆ. ಎರಡೂ ಕಂದು ಶೀಶೆ, ಒಳಗಿನದೂ ಕಂದು ನೀರೇ. ಚೀಟಿ ನಾನು ಬರೆದೆ, ‘ಕುಡಿಯಲು’ ಒಂದು, ‘ಹಚ್ಚಲು’ ಒಂದು. ನನ್ನ ಅಕ್ಷರವನ್ನು ಡಾಕ್ಟರೇ ಮುತ್ತು ಪೋಣಿಸಿದಂತೆ ಎನ್ನುತ್ತಿದ್ದರು. ಶೀಶೆಗೆ ಔಷಧಿ ತುಂಬಿ ಮೇಜಿನ ಮೇಲೆ ಇಡುವುದು ಶೀಶೆ ತೊಳೆಯುವ ಆ ಹೆಂಗಸಿನ ಕೆಲಸ. ಅಂಟಿಸಿದ್ದು ಅದಲುಬದಲಾಯಿತು. ಮುದುಕ ಹಚ್ಚುವುದನ್ನು ಎರಡು ಚಮಚ ಕುಡಿದ. ನೆಗಡಿಯಿಂದ ಮೂಗು ಕಟ್ಟಿತ್ತಂತೆ, ವಾಸನೆ ಗೊತ್ತಾಗಲಿಲ್ಲ. ಗಂಟಲು ಸುಟ್ಟು ಈಗ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾನೆ.

ಅಂಟಿಸಿದ್ದು ಯಾರು ಎನ್ನುವುದೊಂದೇ ಈಗ ಪ್ರಶ್ನೆ. ಅವಳೇ ಇರಬೇಕು. ಅವಳಿಗೆ ಓದಲು ಬರುವುದಿಲ್ಲ. ನಾನು ಬಣ್ಣದವನ ಹತ್ತಿರ ಮಾತಾಡಲು ಎದ್ದು ಹೋಗಿದ್ದೆನೇನೋ. ಹೋಗಿರಬೇಕು. ಅವತ್ತು ಕಿಟಕಿಗೆ ಬಣ್ಣ ಹೊಡೆಯುತ್ತಿದ್ದರು, ನನ್ನ ಸ್ಟೂಲನ್ನು ಎತ್ತಿ ಮೇಜಿನ ಆಚೆ, ಶೀಶೆ ತೊಳೆಯುವ ತೊಟ್ಟಿಯ ಕಡೆ ಇಟ್ಟಿದ್ದರು. ಆ ಬಣ್ಣದ ಘಾಟಿಗೆ ಯಾರಿಗಾದರೂ ತಲೆ ಕೆಡುತ್ತದೆ.

ಫೆಬ್ರವರಿ ೮, ಬುಧವಾರ

ಅಂಗಡಿಗೆ ಬ್ಲೇಡು ತರಲು ಹೋಗಿದ್ದೆ. ಅಂಗಡಿಯವನು ‘ಹಚ್ಚೋಕಾ, ಕುಡಿಯೋಕಾ?’ ಎಂದ. ಪಕ್ಕದವನು ನಕ್ಕ. ಬ್ಲೇಡು ಬಿಟ್ಟು ವಾಪಸು ಬಂದೆ. ಇನ್ನು ಗಡ್ಡ ಬಿಡುತ್ತೇನೆ.

ಈ ಮನೆಯಲ್ಲಿ ಎಲ್ಲಿಗೆ ಹೋಗಬೇಕಾದರೂ ಅಡುಗೆಮನೆ ದಾಟಬೇಕು, ಅಡುಗೆಮನೆ ದಾಟಬೇಕಾದರೆ ಅಕ್ಕನ ಬಾಯಿ ದಾಟಬೇಕು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು, ಈಗ ಹೇಳಿಕೊಡಲು ನಾನೊಬ್ಬನೇ ಸಿಕ್ಕಿದ್ದೇನೆ.

ಫೆಬ್ರವರಿ ೧೧, ಶನಿವಾರ

ನಿನ್ನೆ ವಿಚಾರಣಾಧಿಕಾರಿ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದರು. ಬಣ್ಣದವನ ಹತ್ತಿರ ಹೋಗಿದ್ದೆ, ಬರುವಷ್ಟರಲ್ಲಿ ಚೀಟಿ ಅಂಟಿಸಿ ಆಗಿತ್ತು ಎಂದೆ. ಎಷ್ಟು ಹೊತ್ತು ಎಂದು ಕೇಳಿದರು. ಹತ್ತು ನಿಮಿಷ ಎಂದೆ. ಹೌದು, ಹತ್ತು ನಿಮಿಷ ಆಗಿರಬಹುದು.

ಅವಳು ಏನು ಹೇಳಿದಳೆಂದು ದವಾಖಾನೆಯ ಮೇಲ್ವಿಚಾರಕರು ಇವತ್ತು ಬಂದು ಹೇಳಿದರು. ‘ಅವಳು ಜಗಳಾನೇ ಆಡಲಿಲ್ಲ ರೀ. ನನಗೆ ನೆನಪಿಲ್ಲ, ಸಾರ್ ಹಂಗಂದಿದ್ರೆ ಹಂಗೇ ಇರಬೇಕು, ಸಾರ್ ಬಾಯಲ್ಲಿ ಸುಳ್ಳು ಬರಲ್ಲ ಅಂದಳು. ಅಷ್ಟೇ. ನೀವು ಗೆದ್ದಂಗೇನೇ.’

ಒಳ್ಳೆಯದಾಯಿತು. ಹನ್ನೊಂದು ವರ್ಷ ಜೊತೆಗಿದ್ದವಳು, ನನ್ನ ಬೆಲೆ ಅವಳಿಗಾದರೂ ಗೊತ್ತಿದೆ. ಹೊಟ್ಟೆ ತುಂಬ ಉಂಡೆ. ಆಮೇಲೆ ಎದೆಯುರಿ. ಅಕ್ಕ ಖಾರ ಜಾಸ್ತಿ ಹಾಕುತ್ತಾಳೆ.

ಫೆಬ್ರವರಿ ೧೨, ಭಾನುವಾರ

ಅಕ್ಕ ಬೆಳಿಗ್ಗೆಯೇ ಶುರು ಮಾಡಿದಳು. ‘ಕೂತು ಕೂತು ಮಂಚದ ಪಟ್ಟಿ ಜೋಲು ಬಿತ್ತು ಕಣೋ. ಹಿತ್ತಲಲ್ಲಿ ಅಷ್ಟು ಜಾಗ ಬಿದ್ದಿದೆ, ಹೋಗಿ ಮಣ್ಣಾದರೂ ಕೆದಕು.’

‘ನಾನು ಕಂಪೌಂಡರ್, ತೋಟದವನಲ್ಲ.’

‘ಈಗ ನೀನು ಎರಡೂ ಅಲ್ಲ’ ಎಂದಳು.

ಮಾತು ಚುಚ್ಚಿತು. ಎದ್ದು ಹೋದೆ. ಹಿತ್ತಲೆಂದರೆ ಮೂರು ಮಾರು ಅಗಲ, ಐದು ಮಾರು ಉದ್ದ. ಈಚೆ ಅಡುಗೆಮನೆಯ ಮೆಟ್ಟಿಲು, ಆಚೆ ನನ್ನ ತಲೆಗಿಂತ ಎತ್ತರದ ಗೋಡೆ. ಒಗೆಯುವ ಕಲ್ಲು ಒಂದು ತುದಿಗೆ, ನೀರಿನ ನಲ್ಲಿ ಇನ್ನೊಂದು ತುದಿಗೆ. ಮಣ್ಣಲ್ಲಿ ಕಲ್ಲು, ಗಾಜಿನ ಚೂರು, ಭಾವನ ಹಳೆಯ ಹಲ್ಲುಜ್ಜುವ ಬ್ರಷ್ಷು. ನಾಲ್ಕು ಬುಟ್ಟಿ ತೆಗೆದುಹಾಕಿದೆ. ಭಾವ ಮಾತಿಲ್ಲದ ಮನುಷ್ಯ, ಅಂಗಡಿಗೆ ಹೋಗಿ ಬೀಜ ತಂದುಕೊಟ್ಟ. ಸಬ್ಬಸಿಗೆಯದೊಂದು ಪೊಟ್ಟಣ, ಸೋಂಪಿನದೊಂದು ಪೊಟ್ಟಣ, ಮೇಲೆ ಅಚ್ಚು ಹಾಕಿದ ಹೆಸರು. ಅಕ್ಕನ ಕುಂಡದಿಂದ ಪುದೀನದ ನಾಲ್ಕು ಕಡ್ಡಿಯೂ ಸಿಕ್ಕಿತು.

ಕೆಲಸವೆಂದರೆ ಕ್ರಮ ಬೇಕು. ವಸತಿ ಖಾಲಿ ಮಾಡುವಾಗ ಪೆಟ್ಟಿಗೆಯೊಳಗೆ ಸೇರಿಕೊಂಡು ಬಂದಿದ್ದ ನಾಲಗೆ ಒತ್ತಿ ನೋಡುವ ಮರದ ಪಟ್ಟಿಗಳ ಮೇಲೆ ಮೊದಲೇ ಹೆಸರು ಬರೆದುಕೊಂಡೆ. ಮೆಟ್ಟಿಲಿನ ಕಡೆ ಕುಕ್ಕರಗಾಲಲ್ಲಿ ಕೂತು ಎಡಕ್ಕೆ ಸಬ್ಬಸಿಗೆ, ಬಲಕ್ಕೆ ಸೋಂಪು ಬಿತ್ತಿದೆ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಹತ್ತಿತು, ಗೋಡೆಯ ನೆರಳಿಗೆ ಹೋಗಿ ಪಟ್ಟಿಗಳನ್ನು ನೆಟ್ಟು ಮುಗಿಸಿದೆ. ಎರಡೆರಡು ಸಾಲಿನ ಸೂಚನೆಯೂ ಬರೆದಿದ್ದೇನೆ: ‘ದಿನಕ್ಕೆ ಎರಡು ಸಲ ನೀರು. ಅಲುಗಾಡಿಸಬಾರದು.’

ಅಕ್ಕ ಬಂದು ಓದಿ, ‘ಗಿಡಕ್ಕೂ ಚೀಟಿ ಅಂಟಿಸ್ತೀಯಲ್ಲೋ! ನಿನಗೂ ಒಂದು ಅಂಟಿಸ್ಕೋ’ ಎಂದಳು.

‘ಏನಂತ?’

‘ಹಚ್ಚಲು ಮಾತ್ರ, ನುಂಗೋಕಾಗಲ್ಲ ಅಂತ.’

ಭಾವ ನಕ್ಕದ್ದನ್ನು ಹದಿನೈದು ವರ್ಷದಲ್ಲಿ ಮೊದಲ ಸಲ ನೋಡಿದೆ.

ಫೆಬ್ರವರಿ ೧೫, ಬುಧವಾರ

ಏನೂ ಹುಟ್ಟಿಲ್ಲ.

ಫೆಬ್ರವರಿ ೧೭, ಶುಕ್ರವಾರ

ಏನೂ ಇಲ್ಲ. ನೀರು ಹಾಕಿದೆ. ಗೋಡೆ ನೋಡಿದೆ. ಗೋಡೆಯಲ್ಲಿ ಒಟ್ಟು ನಲವತ್ತಾರು ಬಿರುಕು.

ಫೆಬ್ರವರಿ ೨೦, ಸೋಮವಾರ

ಮೇಲ್ವಿಚಾರಕರು ಹೇಳಿಕೆಯನ್ನು ಟೈಪು ಮಾಡಿಸಿಕೊಂಡೇ ಬಂದಿದ್ದರು. ಉಗ್ರಾಣದಲ್ಲಿ ಕೂರಿಸಲು ಜಾಗವಿಲ್ಲ, ಹಿಟ್ಟಿನ ಡಬ್ಬದ ಮೇಲೆ ಕೂತರು.

‘ನೋಡಿ, ಮಾರ್ಚ್ ಇಪ್ಪತ್ನಾಲ್ಕಕ್ಕೆ ಕೊನೇ ವಿಚಾರಣೆ. ಇದಕ್ಕೊಂದು ಸಹಿ ಹಾಕಿಬಿಡಿ, ನಿಮ್ಮದು ಮುಗೀತು. ಅವಳದ್ದು ದಿನಗೂಲಿ, ಇವತ್ತಿದ್ದರೆ ನಾಳೆ ಇಲ್ಲ. ಪೊಲೀಸರು ಕರೀತಾರೆ, ಒಂದಷ್ಟು ದಿನ ಓಡಾಡ್ತಾಳೆ. ನಿಮಗೆ ಹಾಗಾ? ನಿಮಗೆ ಒಂದು ವರ್ಷ ಸರ್ವೀಸಿದೆ, ಪೆನ್ಷನ್ನಿದೆ.’

ಓದಿದೆ. ‘ಸದರಿ ಹೆಂಗಸು ಚೀಟಿ ಅಂಟಿಸುತ್ತಿರುವುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ’ ಎಂದಿತ್ತು. ನಾನು ಹಾಗೆಂದು ಹೇಳಿರಲಿಲ್ಲ. ಆದರೆ ನನ್ನ ಕಣ್ಣು ನೆಟ್ಟದ್ದು ಮುಂದಿನ ಸಾಲಿನಲ್ಲಿ. ‘ಹಚ್ಚಲು’ ಎನ್ನುವಲ್ಲಿ ‘ಹೆಚ್ಚಲು’ ಎಂದು ಕುಟ್ಟಿದ್ದರು.

‘ಇದೇನಿದು? ಔಷಧಿ ಏನು ತರಕಾರಿಯಾ ಹೆಚ್ಚೋದಕ್ಕೆ? ನನ್ನ ಸಹಿಯ ಮೇಲೆ ಇಂಥ ಅಕ್ಷರ ಇರಕೂಡದು. ಬೇರೆ ಟೈಪು ಮಾಡಿಸಿ ತನ್ನಿ’ ಎಂದೆ.

‘ಅಯ್ಯೋ, ಒಂದು ಎತ್ವ ಹೆಚ್ಚಾಗಿದೆ ಅಷ್ಟೇ...’

‘ಒಂದು ಚೀಟಿಯಿಂದ ತಾನೇ ಇಷ್ಟೆಲ್ಲ ಆದದ್ದು?’

ಗೊಣಗುತ್ತ ಹೋದರು. ಪ್ಯಾಂಟಿನ ಹಿಂಭಾಗವೆಲ್ಲ ಹಿಟ್ಟು. ಹೇಳಬೇಕೆನಿಸಲಿಲ್ಲ.

ಫೆಬ್ರವರಿ ೨೩, ಗುರುವಾರ

ಹುಟ್ಟಿದೆ! ಎರಡೂ ಸಾಲಿನಲ್ಲಿ. ಸೂಜಿಯಷ್ಟು ಸಣ್ಣ ಎರಡೆರಡು ಎಲೆ. ಎರಡು ಸಾಲೂ ತದ್ರೂಪು, ಅವಳಿ ಮಕ್ಕಳ ಹಾಗೆ. ಚೀಟಿ ಇಲ್ಲದಿದ್ದರೆ ಯಾವುದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಕ್ರಮ ಬೇಕು ಎನ್ನುವುದು ಇದಕ್ಕೇ. ಅಕ್ಕನನ್ನು ಕೂಗಿ ಕರೆದೆ. ಭಾವನೂ ಬಂದ. ಮೂವರೂ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆವು. ಒಂಬತ್ತನೆಯ ತರಗತಿಯಲ್ಲಿ ನಾನು ಪಾಸಾದಾಗಲೂ ಮನೆಯವರು ಇಷ್ಟು ಹೊತ್ತು ನೋಡಿರಲಿಲ್ಲ.

ಮಾರ್ಚ್ ೨, ಗುರುವಾರ

ಅಕ್ಕ ನನಗೆ ಹೇಳದೆ ದೊಡ್ಡಾಸ್ಪತ್ರೆಗೆ ಹೋಗಿ ಅಂಚೆಯಜ್ಜನನ್ನು ನೋಡಿಕೊಂಡು ಬಂದಿದ್ದಾಳೆ. ಮೂಗಿನಿಂದ ನಳಿಗೆ ಹಾಕಿ ಗಂಜಿ ಕೊಡುತ್ತಿದ್ದಾರಂತೆ. ಜೀವಕ್ಕೆ ಭಯವಿಲ್ಲ. ದನಿ ವಾಪಸು ಬರುತ್ತದೋ ಇಲ್ಲವೋ ಹೇಳಲಾಗದು.

‘ಇನ್ನೊಂದು ಶೀಶೆ ಏನಾಯ್ತು ಗೊತ್ತಾ?’ ಎಂದಳು. ‘ಕೆಮ್ಮಿನ ಔಷಧಿಯನ್ನ ಭಕ್ತಿಯಿಂದ ಮೊಣಕಾಲಿಗೆ ತಿಕ್ಕಿಕೊಂಡು ಮಲಗಿದಾನೆ. ಸಿಹಿ ಅಲ್ವಾ ಅದು? ಬೆಳಿಗ್ಗೆ ನೋಡಿದರೆ ಕಾಲಿನ ತುಂಬ ಇರುವೆ.’

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಅಕ್ಕ ನಗಲಿಲ್ಲ. ನನ್ನ ನಗುವೂ ಅರ್ಧಕ್ಕೆ ನಿಂತಿತು. ಗಂಟಲು ಸುಟ್ಟುಕೊಂಡು ಕೂಗಲಾಗದ ಮುದುಕ ಇರುವೆ ಕೊಡವಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಒಳಗೆ ಬಂದು ಮಲಗಿದೆ. ಸಂಜೆ ಗಿಡಗಳಿಗೆ ಅಕ್ಕನೇ ನೀರು ಹಾಕಿದಳು.

ಅಲ್ಲಿ ಶೀಶೆಯಮ್ಮನೂ ಇದ್ದಳಂತೆ. ದವಾಖಾನೆಯಲ್ಲಿ ಶೀಶೆ ತೊಳೆಯುವ ಅವಳನ್ನು ಎಲ್ಲರೂ ಹಾಗೆಯೇ ಕರೆಯುವುದು. ದಿನಾ ಹೋಗಿ ಅಜ್ಜನ ಬಟ್ಟೆ ಒಗೆದುಕೊಟ್ಟು ಬರುತ್ತಾಳಂತೆ. ಅವಳನ್ನೂ ಕೆಲಸದಿಂದ ನಿಲ್ಲಿಸಿದ್ದಾರೆ, ಬೇರೆ ಕೆಲಸ ಎಲ್ಲಿದೆ, ಅದಕ್ಕೇ ಇರಬೇಕು.

ಮಾರ್ಚ್ ೭, ಮಂಗಳವಾರ

ಹೇಳಿಕೆಯ ಹೊಸ ಪ್ರತಿ ಬಂತು. ಅಕ್ಷರ ಸರಿಯಿದೆ. ಒಂದು ಕಾಮಾ ಕೂಡ ತಪ್ಪಿಲ್ಲ. ಸಹಿ ಹಾಕಲು ಪೆನ್ನು ಹುಡುಕಿದೆ, ಸಿಗಲಿಲ್ಲ. ನನ್ನ ಒಳ್ಳೆಯ ಪೆನ್ನು ದವಾಖಾನೆಯ ಮೇಜಿನ ಖಾನೆಯಲ್ಲೇ ಉಳಿದಿದೆ. ಈ ಪುಸ್ತಕದಲ್ಲಿ ಬರೆಯುವ ಪೆನ್ಸಿಲ್ಲಿನಿಂದ ಸಹಿ ಹಾಕಲಾಗುತ್ತದೆಯೇ? ಭಾವನ ಹತ್ತಿರ ಮೂರು ಪೆನ್ನು ಇವೆ. ಕೇಳಿದರಾಯಿತು. ನಾಳೆ ಕೇಳುತ್ತೇನೆ.

ಮಾರ್ಚ್ ೧೧, ಶನಿವಾರ

ಕೇಳಿಲ್ಲ.

ಸೋಂಪು, ಸಬ್ಬಸಿಗೆ ಎರಡೂ ಗೇಣುದ್ದ ಆಗಿವೆ. ಎಲೆಯೆಲ್ಲ ದಾರದ ಎಳೆ ಬಿಚ್ಚಿದ ಹಾಗೆ. ಪುದೀನ ಅದರ ಪಾಡಿಗೆ ಹರಡುತ್ತಿದೆ, ಅದಕ್ಕೆ ಯಾರ ಹಂಗೂ ಇಲ್ಲ. ಕಳೆ ಕೀಳುವಾಗ ಸುಮ್ಮನೆ ನೆನಪಾಯಿತು. ಶೀಶೆಯಮ್ಮನಿಗೆ ಒಂದು ಅಭ್ಯಾಸವಿತ್ತು. ಪ್ರತಿ ಶೀಶೆಯ ಬಿರಡೆ ತೆಗೆದು ಮೂಸಿ ನೋಡಿಯೇ ಕೊಡುವಳು. ಜನರೆದುರು ನಾಯಿಯ ಹಾಗೆ ಮೂಸುವುದು ನನಗೆ ಸರಿಬರುತ್ತಿರಲಿಲ್ಲ. ‘ಚೀಟಿ ಇರೋದು ಯಾಕೆ? ಮೂಸೋದು ಬಿಡು’ ಎಂದು ಎಷ್ಟು ಸಲ ಗದರಿದ್ದೇನೋ. ಬಿಟ್ಟಿದ್ದಳು ಪಾಪ.

ಮಾರ್ಚ್ ೧೬, ಗುರುವಾರ

ಅಕ್ಕನಿಗೆ ಇವತ್ತು ಅಡುಗೆಗೆ ಸಬ್ಬಸಿಗೆ ಬೇಕಾಯಿತು. ‘ಪಟ್ಟಿ ನೋಡಿ ಕಿತ್ತುಕೋ’ ಎಂದು ಮೆಟ್ಟಿಲ ಮೇಲೆ ಕೂತೆ. ಒಂದು ಹಿಡಿ ಕಿತ್ತಳು, ಬೆರಳು ಮೂಗಿಗೆ ಹಿಡಿದಳು.

‘ಲೋ, ಇದು ಸೋಂಪು ಕಣೋ.’

‘ಸಬ್ಬಸಿಗೆ. ಚೀಟಿ ನೋಡು.’

‘ಚೀಟಿ ತಿನ್ನೋಕಾಗತ್ತಾ? ಮೂಸು ನೀನೇ.’

ಮೂಸಿದೆ. ಸೋಂಪು. ಆ ಕಡೆ ಹೋಗಿ ಸೋಂಪು ಎಂದು ಬರೆದಿದ್ದ ಸಾಲಿನಲ್ಲಿ ಒಂದು ಎಲೆ ಹಿಸುಕಿ ಮೂಸಿದೆ. ಅಪ್ಪಟ ಸಬ್ಬಸಿಗೆ.

‘ಪಟ್ಟಿ ಯಾರು ಕಿತ್ತು ನೆಟ್ಟದ್ದು? ನೀನು ನೀರು ಹಾಕುವಾಗ ಕಿತ್ತಿದ್ದೀಯ’ ಎಂದೆ.

‘ನಾನಾ? ನಿನ್ನ ಪಟ್ಟಿ ಮುಟ್ಟೋಕೆ ನನಗೇನು ಹುಚ್ಚಾ?’

‘ಹಾಗಾದರೆ ಭಾವ.’

‘ಅವರು ಹಿತ್ತಲಿಗೆ ಬರೋದೇ ನೀನು ಕೂಗಿದಾಗ.’

‘ಬೆಕ್ಕು ಇರಬೇಕು. ಇಲ್ಲಾ ಅಂಗಡಿಯವನೇ ಬೀಜ ತಪ್ಪು ತುಂಬಿದ್ದಾನೆ.’

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. ಲೆಕ್ಕ ತಪ್ಪು ಮಾಡಿ ವಾದಿಸುವ ಮಕ್ಕಳನ್ನು ಹೀಗೇ ನೋಡುತ್ತಿದ್ದಳೇನೋ. ‘ಬೆಕ್ಕು ಓದಿ ಅದಲುಬದಲು ಮಾಡ್ತಾ?’ ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರ್ಚ್ ೧೭, ಶುಕ್ರವಾರ

ಅಂಗಡಿಯವನದು ತಪ್ಪಲ್ಲ. ಉಳಿದ ಬೀಜ ಪೊಟ್ಟಣದಲ್ಲಿದ್ದವು, ಹಲ್ಲಲ್ಲಿ ಕಡಿದು ನೋಡಿದೆ. ಪೊಟ್ಟಣದ ಹೆಸರು ಸರಿಯಿದೆ.

ಬೆಕ್ಕೂ ಅಲ್ಲ. ಈ ಮನೆಯಲ್ಲಿ ಬೆಕ್ಕಿಲ್ಲ.

ಮಾರ್ಚ್ ೧೯, ಭಾನುವಾರ

ಇವತ್ತು ಅಕ್ಕ, ಭಾವ ಹೊರಗೆ ಹೋದಾಗ ಹಿತ್ತಲಿಗೆ ಹೋಗಿ ಅವತ್ತಿನಂತೆಯೇ ಎಲ್ಲವನ್ನೂ ಮಾಡಿ ನೋಡಿದೆ. ಹುಚ್ಚನೆಂದರೂ ಚಿಂತೆಯಿಲ್ಲ, ಗೋಡೆಗೆ ಕಣ್ಣಿಲ್ಲ.

ಮೆಟ್ಟಿಲಿನ ಕಡೆ ಕೂತೆ. ಎಡಗೈ ಕಡೆ ಒಗೆಯುವ ಕಲ್ಲು, ಬಲಗೈ ಕಡೆ ನಲ್ಲಿ. ಎಡಕ್ಕೆ ಸಬ್ಬಸಿಗೆ, ಬಲಕ್ಕೆ ಸೋಂಪು. ಸುಳ್ಳು ಬೀಜ ಬಿತ್ತಿದೆ. ಎರಡು ಪಟ್ಟಿ ಕೈಯಲ್ಲಿ ಹಿಡಿದು ಎದ್ದೆ. ಬಿಸಿಲು. ಗೋಡೆಯ ನೆರಳಿಗೆ ಹೋದೆ. ತಿರುಗಿ ಕೂತೆ. ಎಡಕ್ಕೆ ಸಬ್ಬಸಿಗೆ ಎಂದು ಎಡಗೈ ಪಟ್ಟಿ ನೆಟ್ಟೆ, ಬಲಕ್ಕೆ ಸೋಂಪು ಎಂದು ಬಲಗೈ ಪಟ್ಟಿ ನೆಟ್ಟೆ. ತಲೆ ಎತ್ತಿ ನೋಡಿದರೆ ಎಡಗೈ ಕಡೆ ನಲ್ಲಿ ಇದೆ.

ಅಲ್ಲಿಯೇ ಮಣ್ಣಿನ ಮೇಲೆ ಕೂತುಬಿಟ್ಟೆ.

ದವಾಖಾನೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುವುದು ನನ್ನ ಪದ್ಧತಿ. ಎಡಕ್ಕೆ ಕುಡಿಯುವುದು, ಬಲಕ್ಕೆ ಹಚ್ಚುವುದು. ಶೀಶೆಯಮ್ಮನಿಗೆ ಎಡಬಲದ ಗೊಡವೆ ಇರಲಿಲ್ಲ. ‘ಬಾಗಿಲ ಕಡೆ ಕುಡಿಯೋದು, ಬೀರು ಕಡೆ ಹಚ್ಚೋದು’ ಎಂದು ಹೇಳಿಕೊಂಡೇ ಇಡುವಳು. ಹನ್ನೊಂದು ವರ್ಷ ಇಬ್ಬರ ಮಾತೂ ಒಂದೇ ಆಗಿತ್ತು. ಅವತ್ತು ಸ್ಟೂಲು ಆಚೆ ಹೋಯಿತು. ಬಾಗಿಲು ನನ್ನ ಬಲಕ್ಕೆ ಬಂತು. ‘ಕುಡಿಯಲು’ ಚೀಟಿ ಹಿಡಿದ ಕೈ ಮಾತ್ರ ಎಡಕ್ಕೇ ಹೋಯಿತು.

ಹೆಬ್ಬೆರಳಿಗೆ ಗೋಂದು ಅಂಟಿತ್ತು. ಅಂಚೆಯಜ್ಜ ಹೋದ ಮೇಲೆ ಅದನ್ನು ಪ್ಯಾಂಟಿಗೆ ಉಜ್ಜುತ್ತ ಮಧ್ಯಾಹ್ನವೆಲ್ಲ ಕಳೆದೆ. ಆ ಪ್ಯಾಂಟು ಈಗಲೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ. ತೆಗೆದು ನೋಡಿದೆ. ತೊಡೆಯ ಮೇಲೆ ಬೆಳ್ಳಗಿನ ಗಟ್ಟಿ ಕಲೆ.

ಬಣ್ಣದವನ ಹತ್ತಿರ ನಾನು ಹೋಗಿರಲಿಲ್ಲ. ಅವನು ಕಿಟಕಿಯ ಆಚೆ ಏಣಿಯ ಮೇಲಿದ್ದ, ಕೂತಲ್ಲಿಂದಲೇ ಅವನಿಗೆ ಬೈದೆ. ಎದ್ದದ್ದೇ ಇಲ್ಲ.

ಮಾರ್ಚ್ ೨೦, ಸೋಮವಾರ

ಉಣ್ಣಲಾಗಲಿಲ್ಲ.

ಮಾರ್ಚ್ ೨೨, ಬುಧವಾರ

ಇನ್ನೊಂದು ನೆನಪಾಯಿತು, ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ. ಚೀಟಿ ಅಂಟಿಸಿದ ಮೇಲೆ ಶೀಶೆಯಮ್ಮ ‘ಹಚ್ಚಲು’ ಎಂದು ಬರೆದಿದ್ದ ಶೀಶೆಯನ್ನು ಕೈಗೆ ತೆಗೆದುಕೊಂಡಿದ್ದಳು. ಬಿರಡೆಗೆ ಕೈ ಹಾಕಿದ್ದಳು. ನಾನು ‘ಹೂಂ?’ ಎಂದೆ. ಅಷ್ಟೇ ಅಂದದ್ದು. ಇಟ್ಟುಬಿಟ್ಟಳು.

ಮೇಲ್ವಿಚಾರಕರು ಬಂದಿದ್ದರು. ಸಹಿ ಆಯಿತೇ ಎಂದು ಕೇಳಿದರು. ಅಲ್ಲಿಯೇ ಬಂದು ಹಾಕುತ್ತೇನೆ ಎಂದೆ. ಈ ಸಲ ಡಬ್ಬದ ಮೇಲೆ ಕೂರಲಿಲ್ಲ.

ನಿಜ ಹೇಳಿದರೆ ಏನೇನು ಹೋಗುತ್ತದೆ ಎಂದು ಯೋಚಿಸಿದೆ. ಕೆಲಸ ಹೋಗುತ್ತದೆ. ವಸತಿ ಹೋಗುತ್ತದೆ. ಪೊಲೀಸರು ನನ್ನನ್ನು ಕರೆಯುತ್ತಾರೆ. ಸಾಯುವವರೆಗೂ ಈ ಹಿಟ್ಟಿನ ಡಬ್ಬ, ಈ ಸೈಕಲ್ಲು. ಭಯವಾಗುತ್ತಿದೆ. ಐವತ್ತೇಳು ವರ್ಷದ ಗಂಡಸು ಉಗ್ರಾಣದಲ್ಲಿ ಹೊದಿಕೆ ಕಚ್ಚಿಕೊಂಡು ಅತ್ತನೆಂದು ಯಾರಾದರೂ ಓದಿದರೆ ಓದಲಿ.

ಹೇಳದಿದ್ದರೆ? ಹೇಳದಿದ್ದರೆ ಎಲ್ಲವೂ ಇರುತ್ತದೆ. ಅದೇ ಸ್ಟೂಲು, ಅದೇ ಮೇಜು, ತೊಟ್ಟಿಯ ಹತ್ತಿರ ಬೇರೆ ಯಾರೋ.

ಮಾರ್ಚ್ ೨೪, ಶುಕ್ರವಾರ

ಬೆಳಿಗ್ಗೆ ಭಾವ ಕೇಳದೆಯೇ ತನ್ನ ಬ್ಲೇಡು, ಸೋಪು ತಂದು ಹಿಟ್ಟಿನ ಡಬ್ಬದ ಮೇಲಿಟ್ಟ. ಗಡ್ಡ ಬೋಳಿಸಿದೆ. ಅಕ್ಕ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಅವರಿಗೆ ನಾನು ಏನೂ ಹೇಳಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಅಧಿಕಾರಿ ಒಂದು ಕಡೆ, ಡಾಕ್ಟರು ಮತ್ತು ಮೇಲ್ವಿಚಾರಕರು ಪಕ್ಕಕ್ಕೆ, ಬಾಗಿಲ ಹತ್ತಿರ ಬೆಂಚಿನ ತುದಿಯಲ್ಲಿ ಶೀಶೆಯಮ್ಮ. ಸೊರಗಿದ್ದಳು. ಕೈಯಲ್ಲಿ ಒಂದು ಚೀಲ. ನನ್ನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತಳು.

ಅಧಿಕಾರಿ ಹೇಳಿಕೆ ಕೇಳಿದರು. ಮಡಚಿದ ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟು, ‘ಚೀಟಿ ಅಂಟಿಸಿದ್ದು ನಾನು’ ಎಂದೆ.

ಮೇಜಿನ ಕೆಳಗೆ ಮೇಲ್ವಿಚಾರಕರು ನನ್ನ ಕಾಲು ತುಳಿದರು.

‘ಕಾಲು ತುಳೀಬೇಡಿ, ನೆಟ್ಟಗಿರೋ ಬೂಟು ಇದೊಂದೇ’ ಎಂದೆ. ಡಾಕ್ಟರು ತಲೆ ತಗ್ಗಿಸಿದರು.

‘ಮೊದಲು ಬೇರೆ ಹೇಳಿದ್ರಲ್ಲ?’ ಎಂದರು ಅಧಿಕಾರಿ.

‘ಅದನ್ನೂ ನಾನೇ ಹೇಳಿದ್ದು. ಅದು ಸುಳ್ಳು.’

‘ಗೊತ್ತಿದ್ದೂ ಹೇಳಿದ್ರಾ?’

‘ಗೊತ್ತಿಲ್ಲ ಅಂದ್ಕೊಂಡಿದ್ದೆ’ ಎಂದೆ. ಆಮೇಲೆ ಅವರ ಮೇಜಿನ ಮೇಲಿದ್ದ ಮಸಿ ಶೀಶೆ, ನೀರಿನ ಲೋಟ ಎರಡನ್ನೂ ಅಕ್ಕಪಕ್ಕ ಇಟ್ಟು, ಅವರನ್ನೇ ಎಬ್ಬಿಸಿ ಈಚೆ ಕರೆದು ಕೂರಿಸಿ ಎಡಬಲ ತೋರಿಸಿದೆ. ಸ್ಟೂಲಿನ ವಿಷಯ ಹೇಳಿದೆ. ಗೋಂದಿನ ವಿಷಯ ಹೇಳಿದೆ. ಮೂಸಲು ಹೋದವರನ್ನು ತಡೆದ ವಿಷಯವನ್ನೂ ಹೇಳಿದೆ. ‘ಅವರು ಮೂಸಿದ್ದರೆ ಅಜ್ಜನಿಗೆ ಏನೂ ಆಗುತ್ತಿರಲಿಲ್ಲ. ನನಗೆ ಓದೋಕೆ ಬರುತ್ತಲ್ಲ ಅನ್ನೋ ಜಂಬ’ ಎಂದೆ.

ಎಲ್ಲವನ್ನೂ ಬರೆದುಕೊಂಡರು. ಈ ಸಲ ಓದಿ ನೋಡಿದೆ, ‘ಹಚ್ಚಲು’ ಎನ್ನುವುದನ್ನು ಮತ್ತೆ ‘ಹೆಚ್ಚಲು’ ಎಂದೇ ಬರೆದಿದ್ದರು. ಸಹಿ ಹಾಕಿದೆ.

ಹೊರಗೆ ಬಂದು ಮೆಟ್ಟಿಲ ಹತ್ತಿರ ಕಾದು ನಿಂತೆ. ಶೀಶೆಯಮ್ಮ ಪಕ್ಕದಿಂದಲೇ ಹೋದರು, ಚೀಲ ಹಿಡಿದುಕೊಂಡು, ತಲೆ ಎತ್ತದೆ.

ಏಪ್ರಿಲ್ ೫, ಬುಧವಾರ

ಆದೇಶ ಬಂತು. ನನ್ನನ್ನು ತೆಗೆದಿದ್ದಾರೆ. ಮೊಕದ್ದಮೆಯ ವಿಷಯ ಪೊಲೀಸರಿಗೆ ಬಿಟ್ಟದ್ದು. ಊರು ಬಿಡಕೂಡದು ಎನ್ನುವುದು ಹಾಗೆಯೇ ಇದೆ. ಅಕ್ಕ ಕಾಗದವನ್ನು ಎರಡು ಸಲ ಓದಿ, ‘ಸೈಕಲ್ಲು ಗುಜರಿಗೆ ಹಾಕಿಸ್ತೀನಿ, ನಿನಗೆ ಕಾಲು ಚಾಚೋಕೆ ಜಾಗ ಆಗತ್ತೆ’ ಎಂದಳು. ಭಾವ ಸೈಕಲ್ಲಿನ ಕಡೆ ಒಮ್ಮೆ ನೋಡಿದ.

ಅಂಚೆಯಜ್ಜ ಮನೆಗೆ ಬಂದಿದ್ದಾನೆ. ದನಿ ಪಿಸುಮಾತಿನಷ್ಟು ಮಾತ್ರ. ನಾನು ಹೋಗಿದ್ದೆ. ಬಾಗಿಲು ತೆಗೆಯಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.

ಏಪ್ರಿಲ್ ೯, ಭಾನುವಾರ

ಗಿಡಗಳಿಗೆ ನೀರು ಹಾಕುತ್ತಿದ್ದೆ. ಅಕ್ಕ ಒಳಗಿನಿಂದ, ‘ಯಾರು ಬಂದಿದಾರೆ ನೋಡು, ಒಳಗೆ ಬಾ ಅಂದರೆ ಬರ್ತಿಲ್ಲ’ ಎಂದು ಕೂಗಿದಳು.

ಬೀದಿಬಾಗಿಲಲ್ಲಿ ಶೀಶೆಯಮ್ಮ. ಮತ್ತೆ ಕೆಲಸಕ್ಕೆ ಕರೆದಿದ್ದಾರಂತೆ. ನನ್ನ ಖಾನೆ ಖಾಲಿ ಮಾಡಲು ಹೇಳಿದರಂತೆ. ಒಂದು ಕಾಗದದ ಪೊಟ್ಟಣ ಕೈಗೆ ಕೊಟ್ಟರು. ನನ್ನ ಪೆನ್ನು, ಹಳೆಯ ಕನ್ನಡಕ, ಉಳಿದಿದ್ದ ಗೋಂದಿನ ಬಾಟಲಿ.

‘ಇದನ್ನ ತರಬೇಕಾಗಿರಲಿಲ್ಲ’ ಎಂದೆ, ಗೋಂದು ತೋರಿಸಿ.

‘ನಿಮ್ಮ ಸಾಮಾನು, ನಿಮಗೆ’ ಎಂದರು.

ಏನು ಹೇಳಲಿ? ತಪ್ಪಾಯಿತು ಎಂದೆ. ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು, ಹೊರಗೆ ಬಂದಾಗ ಅಷ್ಟೇ ಚಿಕ್ಕದು. ಅವರು ಬೀದಿಯ ಕಡೆ ನೋಡುತ್ತಿದ್ದರು.

‘ಸಾರ್ ಬಾಯಲ್ಲಿ ಸುಳ್ಳು ಬರಲ್ಲ ಅಂತ ನಾನು ಆ ಆಫೀಸರಿಗೆ ಹೇಳಿದ್ದು ಒಂದು ಶುಕ್ರವಾರ. ಆಮೇಲೆ ಆರು ಶುಕ್ರವಾರ ಎಣಿಸಿದೆ. ನನ್ನ ಮಾತು ನಿಜ ಮಾಡೋಕೆ ಆರು ವಾರ ತಗೊಂಡ್ರಿ.’

‘ಹೌದು’ ಎಂದೆ.

‘ಆರು ವಾರ ನಮ್ಮ ಬೀದೀಲಿ ಯಾರೂ ನನ್ನ ಕೈಯಿಂದ ಒಂದು ಲೋಟ ನೀರೂ ಕುಡೀಲಿಲ್ಲ.’

ಅದು ನನಗೆ ಗೊತ್ತಿರಲಿಲ್ಲ. ಹಿಟ್ಟಿನ ಡಬ್ಬದ ಪಕ್ಕ ಕೂತು ಬರೀ ನನ್ನ ಗೋಡೆಯ ಬಿರುಕು ಎಣಿಸಿದ್ದೆ. ‘ಒಂದು ನಿಮಿಷ ಇರಿ’ ಎಂದು ಒಳಗೆ ಓಡಿದೆ, ಹಿತ್ತಲಿಗೆ ಹೋಗಿ ಎರಡು ಸಾಲಿನಿಂದಲೂ ಒಂದೊಂದು ಕಟ್ಟು ಕಿತ್ತೆ. ಪಟ್ಟಿಗಳನ್ನು ಮೊನ್ನೆಯೇ ತೆಗೆದು ಒಲೆಗೆ ಹಾಕಿದ್ದೇನೆ. ಬೇರಿನ ಮಣ್ಣು ಕೊಡವಿ ತಂದು ಎರಡು ಕೈಯಲ್ಲಿ ಚಾಚಿದೆ.

ತೆಗೆದುಕೊಳ್ಳುವುದಿಲ್ಲವೆಂದೇ ಅಂದುಕೊಂಡೆ.

‘ಯಾವುದು ಯಾವುದು?’ ಎಂದರು ಕೊನೆಗೆ.

ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. ‘ನೀವು ಮೂಸಿ ಹೇಳಿ’ ಎಂದೆ.

ಅವರು ಒಂದು ಕಟ್ಟು ತೆಗೆದುಕೊಂಡು ಮೂಗಿಗೆ ಹಿಡಿದರು. ಬೀದಿಯಲ್ಲಿ ಇಬ್ಬರು ನಮ್ಮನ್ನೇ ನೋಡುತ್ತ ನಿಂತಿದ್ದರು. ಅವಸರವೇ ಇಲ್ಲದೆ ಎರಡನೆಯದನ್ನೂ ತೆಗೆದುಕೊಂಡು ಮೂಸಿದರು. ಅವರು ಹೇಳುವವರೆಗೆ ನಾನು ಬಾಯಿ ಮುಚ್ಚಿಕೊಂಡು ಕಾದೆ.